ದೊಡ್ಡವರ ಎಡಿಎಚ್‌ಡಿಗೆ ಯಾವ ಮಾತ್ರೆ, ಎಷ್ಟು ಡೋಸ್? ಪದೇ ಪದೇ ಕೇಳುವ ಪ್ರಶ್ನೆಗಳು

ದೊಡ್ಡವರಾದ ಮೇಲೆ ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಚಡಪಡಿಕೆ, ದುಡುಕು ಇರುವ ತೊಂದರೆ) ಇದೆ ಎಂದು ಗೊತ್ತಾದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಅವನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ನಾನು ಡಾಕ್ಟರಲ್ಲ, ಈ ಮಾತ್ರೆ ತೆಗೆದುಕೊಳ್ಳುವ ಒಬ್ಬಳು. ಹಾಗಾಗಿ ಇಲ್ಲಿರುವ ಮಿಲಿಗ್ರಾಂ ಲೆಕ್ಕ ನೋಡಿ ನೀವೇ ಡೋಸ್ ಬದಲಾಯಿಸಿಕೊಳ್ಳಬೇಡಿ. ಡಾಕ್ಟರ ಮುಂದೆ ಕೂತಾಗ ಅವರು ಹೇಳಿದ್ದು ಅರ್ಥವಾಗಬೇಕು, ನಿಮಗೆ ಆಗುತ್ತಿರುವುದನ್ನು ಅವರಿಗೆ ಸರಿಯಾಗಿ ಹೇಳಲು ಬರಬೇಕು. ಈ ಪುಟ ಇರುವುದು ಅದಕ್ಕೆ. ಎಡಿಎಚ್‌ಡಿಗೆ ಇಷ್ಟೇ ಡೋಸ್ ಎಂದು ತೋರಿಸುವ ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನೂ ಇಲ್ಲ. ನೀವು ಗಮನಿಸಿ ಹೇಳಿದ್ದರ ಮೇಲೆಯೇ ಡಾಕ್ಟರ್ ಮುಂದಿನ ಹೆಜ್ಜೆ ಇಡುತ್ತಾರೆ.

ಮಾತ್ರೆ ಬರೆಯುವ ಮುಂಚೆ ಡಾಕ್ಟರ್ ಏನೇನು ನೋಡಬೇಕು?

ಮೊದಲು, ಇದು ಎಡಿಎಚ್‌ಡಿಯೇ ಹೌದಾ ಎಂದು ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಎಎಸ್‌ಆರ್‌ಎಸ್ ಎಂಬ 18 ಪ್ರಶ್ನೆಗಳ ಪಟ್ಟಿ ಇದೆ. ಅದನ್ನು ಮೊಬೈಲಿನಲ್ಲಿ ತುಂಬಿ ಜಾಸ್ತಿ ಅಂಕ ಬಂದರೆ ಅನುಮಾನ ಪಡಬಹುದು, ಅಷ್ಟೇ. ಕಾಯಿಲೆ ಇದೆ ಎಂದು ಅದರಿಂದ ತೀರ್ಮಾನ ಆಗುವುದಿಲ್ಲ. ಈ ತೊಂದರೆ 12 ವರ್ಷ ತುಂಬುವ ಮುಂಚೆಯೇ ಇತ್ತಾ, ಮನೆಯಲ್ಲೂ ಕೆಲಸದಲ್ಲೂ ಇದೆಯಾ ಎಂದು ಕೆದಕಿ ಕೇಳಬೇಕು. ಸಾಧ್ಯವಾದರೆ ಅಮ್ಮನನ್ನೋ ಅಣ್ಣನನ್ನೋ ಜೊತೆಗೆ ಕರೆದುಕೊಂಡು ಹೋಗಿ. ಶಾಲೆಯ ಹಳೆಯ ಮಾರ್ಕ್ಸ್ ಕಾರ್ಡ್ ಸಿಕ್ಕಿದರೆ ಅದೂ ಇರಲಿ. ‘ಬುದ್ಧಿವಂತೆ, ಆದರೆ ಪಾಠದ ಕಡೆ ಗಮನ ಇಲ್ಲ’ ಎಂದು ಮೇಷ್ಟ್ರು ಬರೆದ ಒಂದು ಸಾಲು ಎಷ್ಟೋ ಉಪಯೋಗಕ್ಕೆ ಬರುತ್ತದೆ.

ಆಮೇಲೆ ಎಡಿಎಚ್‌ಡಿ ಥರವೇ ಕಾಣುವ ಬೇರೆ ತೊಂದರೆಗಳು. ಥೈರಾಯ್ಡ್, ರಕ್ತಹೀನತೆ, ಗೊರಕೆಯ ನಡುವೆ ಉಸಿರು ಕಟ್ಟಿ ನಿದ್ದೆ ಹಾಳಾಗುವುದು, ಖಿನ್ನತೆ, ಕುಡಿತ ಇವೆಲ್ಲ ಮನುಷ್ಯನ ಗಮನವನ್ನು ಕೆಡಿಸುತ್ತವೆ. ನಿದ್ದೆಯೇ ಸರಿ ಇಲ್ಲದವರಿಗೆ ಎಷ್ಟು ಡೋಸ್ ಕೊಟ್ಟರೂ ಲೆಕ್ಕ ಸರಿಹೋಗುವುದಿಲ್ಲ.

ಮೂರನೆಯದು ದೇಹ. ಬಿಪಿ, ನಾಡಿ, ತೂಕ ಮೂರನ್ನೂ ಮೊದಲ ಮಾತ್ರೆಗೆ ಮುಂಚೆಯೇ ಬರೆದಿಡಬೇಕು. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯದ ತೊಂದರೆಯಿಂದ ಹಠಾತ್ತನೆ ತೀರಿಕೊಂಡಿದ್ದರೆ ಹೇಳಿ. ನಿಮಗೇ ತಲೆ ಸುತ್ತಿ ಬಿದ್ದದ್ದು, ಎದೆ ಹೊಡೆದುಕೊಳ್ಳುವುದು ಇದ್ದರೆ ಅದನ್ನೂ ಹೇಳಿ. ಇಸಿಜಿ ಎಲ್ಲರಿಗೂ ಬೇಕಾಗಿಲ್ಲ, ಇಂಥ ಹಿನ್ನೆಲೆ ಇದ್ದರೆ ಬೇಕು. ಕಣ್ಣಿನ ಗ್ಲಾಕೋಮಾ, ಫಿಟ್ಸ್, ಬೈಪೋಲಾರ್ (ವಿಪರೀತ ಹುರುಪು, ಖಿನ್ನತೆ ಎರಡೂ ಬಂದುಹೋಗುವ ಕಾಯಿಲೆ), ಮುಂಚೆ ಯಾವತ್ತಾದರೂ ಇಲ್ಲದ್ದು ಕೇಳಿಸಿದ್ದು ಅಥವಾ ಕಂಡದ್ದು, ಇವನ್ನೂ ಮುಚ್ಚಿಡಬೇಡಿ. ಯಾವ ಮಾತ್ರೆ ಎನ್ನುವುದು ಇವುಗಳ ಮೇಲೆ ನಿಂತಿದೆ.

ನಮ್ಮಲ್ಲಿ ಸಿಗುವ ಮಾತ್ರೆಗಳು ಯಾವುವು?

ಮುಖ್ಯವಾಗಿ ಎರಡು. ಒಂದು ಮೀಥೈಲ್‌ಫೆನಿಡೇಟ್, ಇನ್ನೊಂದು ಅಟೊಮೊಕ್ಸೆಟಿನ್. ಅಮೆರಿಕದಲ್ಲಿ ಹೆಸರು ಕೇಳುವ ಅಡೆರಾಲ್, ವೈವಾನ್ಸ್ ಇವೆಲ್ಲ ಆಂಫೆಟಮಿನ್ ಜಾತಿಯವು, ಭಾರತದ ಮೆಡಿಕಲ್ ಶಾಪ್‌ಗಳಲ್ಲಿ ಸಿಗುವುದಿಲ್ಲ.

ಮೀಥೈಲ್‌ಫೆನಿಡೇಟ್ ಹಳೆಯ ಔಷಧಿ. 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ರಸಾಯನ ವಿಜ್ಞಾನಿ ಲಿಯಾಂಡ್ರೊ ಪ್ಯಾನಿಜನ್ ಇದನ್ನು ತಯಾರಿಸಿದರು. ಹೆಂಡತಿಯನ್ನು ಮನೆಯಲ್ಲಿ ರೀಟಾ ಎಂದು ಕರೆಯುತ್ತಿದ್ದರು, ಅದರಿಂದ ರಿಟಾಲಿನ್ ಎಂಬ ಹೆಸರು ಬಂತು. ನಮ್ಮಲ್ಲಿ ಇನ್‌ಸ್ಪೈರಲ್, ಆ್ಯಡ್‌ವೈಸ್ ಎಂಬ ಬ್ರಾಂಡ್‌ಗಳಲ್ಲಿ ಬರುತ್ತದೆ. ಅಟೊಮೊಕ್ಸೆಟಿನ್ ಹೊಸದು, ಅಮೆರಿಕದಲ್ಲಿ 2002ರಲ್ಲಿ ಅನುಮತಿ ಸಿಕ್ಕಿತು.

ಇವೆರಡೂ ಆಗದಿದ್ದಾಗ ಡಾಕ್ಟರ್ ಬುಪ್ರೊಪಿಯಾನ್ ಅಥವಾ ಕ್ಲೊನಿಡಿನ್ ಯೋಚಿಸಬಹುದು. ಬುಪ್ರೊಪಿಯಾನ್ ಮೂಲತಃ ಖಿನ್ನತೆಗೆ ಕೊಡುವುದು. ಫಿಟ್ಸ್ ಇದ್ದವರಿಗೆ ಅದು ಬೇಡ.

ಎರಡರಲ್ಲಿ ಯಾವುದನ್ನು ಮೊದಲು ನೋಡುತ್ತಾರೆ?

ಸಾಮಾನ್ಯವಾಗಿ ಮೀಥೈಲ್‌ಫೆನಿಡೇಟ್. ಬ್ರಿಟನ್ನಿನ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿ ದೊಡ್ಡವರಿಗೆ ಮೊದಲ ಸಾಲಿನಲ್ಲಿ ಇಡುವುದು ಇದನ್ನು ಅಥವಾ ಲಿಸ್‌ಡೆಕ್ಸಾಂಫೆಟಮಿನನ್ನು (ಮೇಲೆ ಹೇಳಿದ ವೈವಾನ್ಸ್ ಇದೇ). ಎರಡನೆಯದು ನಮ್ಮಲ್ಲಿ ಇಲ್ಲದ್ದರಿಂದ ಆಯ್ಕೆ ಸುಲಭವಾಗುತ್ತದೆ. ಮೀಥೈಲ್‌ಫೆನಿಡೇಟ್ ನುಂಗಿದ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಕೆಲಸ ಶುರು ಮಾಡುತ್ತದೆ. ಹೊಂದುತ್ತದೋ ಇಲ್ಲವೋ ಎಂಬ ಅಂದಾಜು ಬೇಗ ಸಿಗುತ್ತದೆ. ರಾತ್ರಿ ಹೊತ್ತಿಗೆ ಮೈಯಿಂದ ಹೋಗಿಯೂ ಬಿಡುತ್ತದೆ.

ಅಟೊಮೊಕ್ಸೆಟಿನ್ ಹಾಗಲ್ಲ. ದಿನಾ ತಪ್ಪದೆ ತೆಗೆದುಕೊಳ್ಳಬೇಕು. ಪೂರ್ತಿ ಗುಣ ಕಾಣಲು 4ರಿಂದ 6 ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಎರಡನೇ ವಾರದಲ್ಲಿ ‘ಏನೂ ಆಗಲಿಲ್ಲ’ ಎಂದು ಬಿಟ್ಟವರು ಎಷ್ಟೋ ಜನ. ಅವರು ಆ ಮಾತ್ರೆಯನ್ನು ನಿಜವಾಗಿ ನೋಡಿದ ಹಾಗೆ ಆಗಲೇ ಇಲ್ಲ. ಆದರೆ ಇದಕ್ಕೂ ಅದರದೇ ಜಾಗ ಇದೆ. ಚಟದ ಹಿನ್ನೆಲೆ ಇರುವವರಿಗೆ, ಮೀಥೈಲ್‌ಫೆನಿಡೇಟ್ ತೆಗೆದುಕೊಂಡರೆ ಆತಂಕ ಏರುವವರಿಗೆ, ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೂ ಒಂದೇ ಸಮ ಸಹಾಯ ಬೇಕಾದವರಿಗೆ ಇದು ಒಳ್ಳೆಯದು. ಮೀಥೈಲ್‌ಫೆನಿಡೇಟ್ ಸಿಗದ ಊರಿನವರಿಗೂ ಇದೇ ಗತಿ, ಅದರ ವಿಷಯ ಕೆಳಗಿದೆ.

ನನ್ನ ತೂಕ 85 ಕೆಜಿ. ಜಾಸ್ತಿ ಡೋಸ್ ಬೇಕಾಗುತ್ತಾ?

ಹಾಗೇನೂ ಇಲ್ಲ. ದೊಡ್ಡವರಲ್ಲಿ ಮೀಥೈಲ್‌ಫೆನಿಡೇಟ್ ಡೋಸನ್ನು ತೂಕ ಹೇಳುವುದಿಲ್ಲ. 85 ಕೆಜಿಯವರಿಗೆ ದಿನಕ್ಕೆ 15 ಮಿಲಿಗ್ರಾಂ ಸಾಕಾಗಬಹುದು, 50 ಕೆಜಿಯವರಿಗೆ 50 ಬೇಕಾಗಬಹುದು. ಎಡಿಎಚ್‌ಡಿ ಎಷ್ಟು ತೀವ್ರವಾಗಿದೆ ಎನ್ನುವುದೂ ಡೋಸ್ ಹೇಳುವುದಿಲ್ಲ. ಆಫೀಸಿನ ಗೆಳೆಯನ ಡೋಸ್ ಕೇಳಿಕೊಂಡು ಬಂದು ‘ನನಗೆ ಕಮ್ಮಿ ಕೊಟ್ಟಿದ್ದಾರೆ’ ಎಂದು ಕೊರಗುವುದು ಸುಮ್ನೆ.

ಹಾಗಾದರೆ ಡೋಸ್ ಹೇಗೆ ಏರಿಸುತ್ತಾರೆ?

ಕಡಿಮೆಯಿಂದ ಶುರು ಮಾಡಿ, ಮೆಲ್ಲಗೆ, ಒಂದು ಸಲಕ್ಕೆ ಒಂದೇ ಬದಲಾವಣೆ. ಸಾದಾ ಮೀಥೈಲ್‌ಫೆನಿಡೇಟ್ ಆದರೆ 5 ಮಿಲಿಗ್ರಾಂ ದಿನಕ್ಕೆ ಎರಡು ಅಥವಾ ಮೂರು ಸಲ. ವಾರಕ್ಕೊಮ್ಮೆ ನೋಡಿಕೊಂಡು 5 ಅಥವಾ 10 ಮಿಲಿಗ್ರಾಂ ಏರಿಸುತ್ತಾರೆ. ಒಂದು ಮಾತ್ರೆಯ ಕೆಲಸ 3ರಿಂದ 4 ಗಂಟೆ. ಅಮೆರಿಕದ ಲೇಬಲ್ (ಔಷಧಿಯ ಜೊತೆ ಬರುವ ಅಧಿಕೃತ ವಿವರ) ಪ್ರಕಾರ ದಿನಕ್ಕೆ ಒಟ್ಟು 60 ಮಿಲಿಗ್ರಾಂ ಮಿತಿ. ಅದು ಮಿತಿ ಮಾತ್ರ, ಎಲ್ಲರೂ ಅಲ್ಲಿಗೆ ಮುಟ್ಟಬೇಕು ಎಂದಲ್ಲ.

ದಿನಕ್ಕೊಂದೇ ಸಲ ನುಂಗುವ ನಿಧಾನದ ಮಾತ್ರೆಗಳೂ ಇವೆ. 18, 36 ಮಿಲಿಗ್ರಾಂ ಎಂದು ಬರುವ ಓರೋಸ್ ನಮೂನೆಯ ಮಾತ್ರೆ 10ರಿಂದ 12 ಗಂಟೆ ಕೆಲಸ ಮಾಡುತ್ತದೆ. ಸಾದಾ ಮಾತ್ರೆ 5 ಮಿಲಿಗ್ರಾಂ ದಿನಕ್ಕೆ ಮೂರು ಸಲ ತೆಗೆದುಕೊಳ್ಳುತ್ತಿದ್ದವರಿಗೆ ಇದರ 18 ಹೆಚ್ಚುಕಡಿಮೆ ಸಮ. ಅದನ್ನು ಮುರಿಯಬಾರದು, ಅಗಿಯಬಾರದು. ಒಳಗಿನ ಔಷಧಿ ಸಣ್ಣ ತೂತಿನಿಂದ ನಿಧಾನಕ್ಕೆ ಹೊರಬರುತ್ತದೆ, ಖಾಲಿ ಕವಚ ಮಲದಲ್ಲಿ ಹಾಗೇ ಹೋಗುತ್ತದೆ. ಅದನ್ನು ನೋಡಿ ಮಾತ್ರೆ ಕರಗಲೇ ಇಲ್ಲ ಎಂದು ಗಾಬರಿಯಾಗಬೇಡಿ.

ಅಟೊಮೊಕ್ಸೆಟಿನ್ ಲೇಬಲ್ ಪ್ರಕಾರ 40 ಮಿಲಿಗ್ರಾಂನಿಂದ ಶುರು, ಕಡಿಮೆ ಎಂದರೂ 3 ದಿನ ಕಳೆದ ಮೇಲೆ 80. ಇನ್ನೂ 2ರಿಂದ 4 ವಾರ ನೋಡಿ ಸಾಲದಿದ್ದರೆ 100, ಅದರ ಮೇಲೆ ಇಲ್ಲ. ಹೊಟ್ಟೆ ತೊಳಸುವುದು ಜಾಸ್ತಿ ಇದ್ದರೆ ಡಾಕ್ಟರ್ 18 ಅಥವಾ 25ರಿಂದ ಶುರು ಮಾಡಿ ಇನ್ನೂ ನಿಧಾನಕ್ಕೆ ಏರಿಸುವುದುಂಟು. ಕ್ಯಾಪ್ಸೂಲ್ ಬಿಚ್ಚಿ ಪುಡಿ ಹಾಕಿಕೊಳ್ಳಬೇಡಿ, ಆ ಪುಡಿ ಕಣ್ಣಿಗೆ ತಾಗಿದರೆ ಉರಿಯುತ್ತದೆ.

ಒಂದು ಮಾತು ಒತ್ತಿ ಹೇಳುತ್ತೇನೆ. ಡೋಸ್ ಏರಿಸಿದ ವಾರವೇ ಹೊಸ ಜಿಮ್ಮು, ಹೊಸ ಡಯಟ್ಟು, ಕಾಫಿ ಬಿಡುವುದು ಎಲ್ಲ ಒಟ್ಟಿಗೆ ಶುರು ಮಾಡಬೇಡಿ. ಯಾವುದರಿಂದ ಏನಾಯಿತು ಎಂದು ನಿಮಗೂ ಗೊತ್ತಾಗುವುದಿಲ್ಲ, ಡಾಕ್ಟರಿಗೂ ಗೊತ್ತಾಗುವುದಿಲ್ಲ.

ಇದೇ ಸರಿಯಾದ ಡೋಸ್ ಎಂದು ಗೊತ್ತಾಗುವುದು ಹೇಗೆ?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಮಾತ್ರೆ ತಲೆಗೆ ಏರಿದ ಹಾಗೆ ಅನಿಸಬೇಕು ಎಂದು ತುಂಬಾ ಜನ ಕಾಯುತ್ತಾರೆ. ಏನೂ ಅನಿಸದಿದ್ದರೆ ಡೋಸ್ ಸಾಲದು ಎಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಸರಿಯಾದ ಡೋಸಿನಲ್ಲಿ ಮಾತ್ರೆ ನೆನಪಿಗೇ ಬರುವುದಿಲ್ಲ. ಕೆಲಸ ಮಾತ್ರ ಆಗಿರುತ್ತದೆ. ಮೂರು ದಿನದಿಂದ ತೆರೆಯದೆ ಬಿಟ್ಟಿದ್ದ ಇಮೇಲ್‌ಗೆ ಉತ್ತರ ಹೋಗಿರುತ್ತದೆ. ಅತ್ತೆ ಮಾತಾಡುತ್ತಿರುವಾಗ ಮಧ್ಯದಲ್ಲಿ ಬಾಯಿ ಹಾಕಿರುವುದಿಲ್ಲ. ಕರೆಂಟ್ ಬಿಲ್ ಕೊನೆಯ ದಿನಕ್ಕೆ ಮುಂಚೆ ಕಟ್ಟಿರುತ್ತೀರಿ.

ಹಾಗಾಗಿ ಅನಿಸಿಕೆಯನ್ನು ಅಳೆಯಬೇಡಿ, ಕೆಲಸವನ್ನು ಅಳೆಯಿರಿ. ಮಾತ್ರೆ ಶುರು ಮಾಡುವ ಮುಂಚೆಯೇ ನಿಮ್ಮ ಬದುಕಿನಲ್ಲಿ ದಿನಾ ಕೈಕೊಡುವ ಮೂರು ವಿಷಯ ಆರಿಸಿಕೊಳ್ಳಿ. ‘ಗಮನ ಹೆಚ್ಚಬೇಕು’ ಎಂದು ಬರೆದರೆ ಅಳೆಯಲು ಆಗುವುದಿಲ್ಲ. ‘ಮೀಟಿಂಗ್ ಮುಗಿಯುವವರೆಗೆ ಮೊಬೈಲ್ ಮುಟ್ಟದೆ ಕೂರಬೇಕು’, ‘ಗಾಡಿ ಕೀ ಹುಡುಕುವುದು ತಪ್ಪಬೇಕು’, ‘ಮಗಳ ಹೋಂವರ್ಕಿಗೆ ಕೂತಾಗ ಕಿರುಚಬಾರದು’ ಎಂದು ಬರೆಯಿರಿ. ಇವನ್ನು ದಿನಾ 0ಯಿಂದ 3ರವರೆಗೆ ಅಂಕ ಹಾಕಿ.

ಒಂದು ನೋಟ್‌ಬುಕ್ ಇಡಿ. ಒಂದು ದಿನದ ಬರಹ ಹೀಗಿದ್ದರೆ ಸಾಕು:

‘ಬೆಳಿಗ್ಗೆ 8:10 ಮೂರು ಇಡ್ಲಿ ತಿಂದು 10 ಮಿ.ಗ್ರಾಂ. 8:50ಕ್ಕೆ ಕೆಲಸಕ್ಕೆ ಕೂತೆ, ಎಬ್ಬಿಸುವವರು ಬೇಕಾಗಲಿಲ್ಲ. 11:45ಕ್ಕೆ ಮತ್ತೆ ಕಿಟಕಿ ನೋಡಲು ಶುರು. 12:30ಕ್ಕೆ ಎರಡನೆಯದು. ಊಟ ಅರ್ಧ ಬಿಟ್ಟೆ. 4:30ಕ್ಕೆ ಸುಮ್ಮನೆ ಸಿಟ್ಟು, ಅರ್ಧ ಗಂಟೆ. ಬಾಯಿ ಒಣಗಿತ್ತು. ಬಿಪಿ 124/82, ನಾಡಿ 84. ರಾತ್ರಿ 11:30ಕ್ಕೆ ಮಲಗಿದೆ, ನಿದ್ದೆ ಬಂತು.’

ಇಷ್ಟು ನೋಡಿದರೆ ಡಾಕ್ಟರಿಗೆ ತುಂಬಾ ವಿಷಯ ಗೊತ್ತಾಗುತ್ತದೆ. ಡೋಸ್ ಹೊಂದಿದೆ, ಆದರೆ ನುಂಗಿದ ಮೂರೂವರೆ ಗಂಟೆಯಲ್ಲೇ ಇಳಿಯುತ್ತಿದೆ, ಎರಡನೇ ಮಾತ್ರೆ ಸ್ವಲ್ಪ ಬೇಗ ಕೊಡಬೇಕು ಅಥವಾ ನಿಧಾನದ ಮಾತ್ರೆಗೆ ಹೋಗಬೇಕು. ‘ಪರವಾಗಿಲ್ಲ ಡಾಕ್ಟ್ರೇ, ಸ್ವಲ್ಪ ಬೆಟರ್’ ಎಂದಷ್ಟೇ ಹೇಳಿದರೆ ಅವರು ಡೋಸ್ ಏರಿಸಿಬಿಡಬಹುದು. ಇಲ್ಲಿ ಬೇಕಾಗಿದ್ದದ್ದು ಏರಿಸುವುದಲ್ಲ, ಸಮಯ ಬದಲಾಯಿಸುವುದು.

ಜೊತೆಯಲ್ಲಿ ಇರುವವರನ್ನೂ ಕೇಳಿ. ಗಂಡನೋ ಹೆಂಡತಿಯೋ ರೂಂಮೇಟೋ ಬದಲಾವಣೆಯನ್ನು ನಿಮಗಿಂತ ಮುಂಚೆ ನೋಡಿರುತ್ತಾರೆ. ಒಳ್ಳೆಯದನ್ನೂ ಕೆಟ್ಟದ್ದನ್ನೂ.

ಡೋಸ್ ಜಾಸ್ತಿಯಾಗಿದೆ ಎಂದು ಹೇಗೆ ಗೊತ್ತಾಗುತ್ತದೆ?

ಗಮನ ಸಿಗುತ್ತದೆ, ಮನುಷ್ಯ ಕಳೆದುಹೋಗುತ್ತಾನೆ. ನಗು ಬರುವುದಿಲ್ಲ, ಮಾತು ಬೇಡ ಅನಿಸುತ್ತದೆ, ಒಂದೇ ಕೆಲಸಕ್ಕೆ ಅಂಟಿಕೊಂಡು ನೀರು ಕುಡಿಯಲೂ ಏಳುವುದಿಲ್ಲ. ಕೆಲವರಿಗೆ ಎದೆ ಡವಡವ, ದವಡೆ ಬಿಗಿ, ಕೈ ನಡುಕ, ಕಾರಣವಿಲ್ಲದ ಭಯ. ‘ಅವಳು ಮೊದಲಿನ ಹಾಗೆ ಇಲ್ಲ’ ಎಂದು ಮನೆಯವರು ಹೇಳಿದರೆ ತಳ್ಳಿಹಾಕಬೇಡಿ. ಮಾತ್ರೆ ಅಂದಮೇಲೆ ಇಷ್ಟು ಇದ್ದದ್ದೇ ಎಂದು ಎಷ್ಟೋ ಜನ ಸಹಿಸಿಕೊಂಡು ಹೋಗುತ್ತಾರೆ. ಸಹಿಸುವ ಅಗತ್ಯವೇ ಇಲ್ಲ. ಒಂದು ಮೆಟ್ಟಿಲು ಇಳಿದರೆ ಗಮನ ಉಳಿದು ಈ ತೊಂದರೆ ಹೋಗುವುದುಂಟು. ನಿಮ್ಮ ಡೋಸ್ ಅಂದರೆ, ನಿಮ್ಮ ಕೆಲಸ ಆಗುವಷ್ಟರಲ್ಲಿ ಅತಿ ಕಡಿಮೆ ಯಾವುದೋ ಅದು.

ಯಾವಾಗ ತಡಮಾಡದೆ ಡಾಕ್ಟರ ಹತ್ತಿರ ಓಡಬೇಕು?

ಎದೆನೋವು, ಪ್ರಜ್ಞೆ ತಪ್ಪುವುದು, ಸುಮ್ಮನೆ ಕೂತಾಗಲೂ ನಾಡಿ 120ಕ್ಕಿಂತ ಮೇಲೇ ನಿಂತಿರುವುದು. ಇಲ್ಲದ್ದು ಕೇಳಿಸುವುದು, ಎಲ್ಲರ ಮೇಲೂ ಅನುಮಾನ, ನಿದ್ದೆಯೇ ಬೇಡ ಎನ್ನುವಂಥ ವಿಪರೀತ ಹುರುಪು. ಸಾಯಬೇಕು ಎಂಬ ಯೋಚನೆ. ಗಂಡಸರಿಗೆ ಗಂಟೆಗಟ್ಟಲೆ ಇಳಿಯದ ನೋವಿನ ನಿಮಿರುವಿಕೆ. ಅಟೊಮೊಕ್ಸೆಟಿನ್ ತೆಗೆದುಕೊಳ್ಳುವವರಿಗೆ ಮೂತ್ರ ಕಂದಾದರೆ, ಕಣ್ಣು ಹಳದಿಯಾದರೆ ಲಿವರ್ ನೋಡಿಸಬೇಕು. ಅದು ಅಪರೂಪ, ಆದರೆ ಗೊತ್ತಿರಬೇಕು.

ಸಂಜೆ ಆಗುತ್ತಿದ್ದ ಹಾಗೆ ಸಿಡುಕು, ಅಳು. ಮಾತ್ರೆ ನನಗೆ ಆಗುವುದಿಲ್ವಾ?

ಮಾತ್ರೆ ಇಳಿಯುವ ಹೊತ್ತಿನಲ್ಲಿ ಹಾಗಾಗುತ್ತದೆ. ಪತ್ತೆ ಮಾಡುವುದು ಸುಲಭ: ಮಾತ್ರೆ ಕೆಲಸ ಮಾಡುವಾಗಲೇ ಸಿಡುಕಾದರೆ ಡೋಸ್ ಜಾಸ್ತಿ ಇರಬಹುದು, ಇಳಿಯುವಾಗ ಆದರೆ ಇಳಿತ ಕಡಿದಾಗಿದೆ. ಮಧ್ಯಾಹ್ನ ಹೊಟ್ಟೆಗೆ ಏನೂ ಹಾಕದಿದ್ದರೆ ಇದು ಇನ್ನೂ ಜೋರು. ನಾಲ್ಕು ಗಂಟೆಗೆ ಒಂದು ಬಾಳೆಹಣ್ಣು, ಒಂದು ಹಿಡಿ ಕಡಲೆಕಾಯಿ ತಿಂದರೆ ಎಷ್ಟೋ ಜನಕ್ಕೆ ಅರ್ಧ ಕಡಿಮೆಯಾಗುತ್ತದೆ. ಇಲ್ಲದಿದ್ದರೆ ಡಾಕ್ಟರ್ ನಿಧಾನದ ಮಾತ್ರೆಗೆ ಬದಲಾಯಿಸುತ್ತಾರೆ, ಅಥವಾ ಸಂಜೆಗೆ ಸಣ್ಣ ಡೋಸ್ ಸೇರಿಸುತ್ತಾರೆ.

ಊಟ ಸೇರುವುದಿಲ್ಲ. ಏನು ಮಾಡಲಿ?

ಮಾತ್ರೆಗೆ ಮುಂಚೆ ಹೊಟ್ಟೆ ತುಂಬಾ ತಿಂಡಿ ತಿನ್ನಿ. ಅದು ದಿನದ ಮುಖ್ಯ ಊಟ ಎಂದೇ ಇಟ್ಟುಕೊಳ್ಳಿ. ಮಧ್ಯಾಹ್ನ ಹಸಿವಾಗಲಿ ಎಂದು ಕಾಯಬೇಡಿ, ಗಂಟೆ ನೋಡಿ ತಿನ್ನಿ. ಮುದ್ದೆ ಊಟ ಇಳಿಯದಿದ್ದರೆ ಮೊಸರನ್ನ, ರಾಗಿ ಅಂಬಲಿ, ಮಜ್ಜಿಗೆ ಇಳಿಯುತ್ತವೆ. ರಾತ್ರಿ ಹಸಿವು ವಾಪಸ್ ಬರುತ್ತದೆ, ಆಗ ತಿನ್ನಿ. ತಿಂಗಳಿಗೊಮ್ಮೆ ತೂಕ ನೋಡಿ ಬರೆದಿಡಿ. ಇಳಿಯುತ್ತಲೇ ಹೋದರೆ ಡಾಕ್ಟರಿಗೆ ಹೇಳಿ.

ಅಟೊಮೊಕ್ಸೆಟಿನ್ ಖಾಲಿ ಹೊಟ್ಟೆಗೆ ಬಿದ್ದರೆ ವಾಂತಿ ಬಂದ ಹಾಗಾಗುತ್ತದೆ, ಊಟದ ಜೊತೆ ತೆಗೆದುಕೊಳ್ಳಿ. ಬಾಯಿ ಒಣಗುವುದು, ಬೆವರು, ಮೂತ್ರ ಹೋಗಲು ತಡವಾಗುವುದು, ಲೈಂಗಿಕ ತೊಂದರೆ ಇವೂ ಅದರಿಂದ ಬರಬಹುದು. ಕೊನೆಯ ಎರಡನ್ನು ಜನ ನಾಚಿಕೊಂಡು ಹೇಳುವುದೇ ಇಲ್ಲ, ಸುಮ್ನೆ ಮಾತ್ರೆ ಬಿಟ್ಟುಬಿಡುತ್ತಾರೆ. ಡಾಕ್ಟರಿಗೆ ಇದು ದಿನಾ ಕೇಳುವ ಮಾತು, ಹೇಳಿ.

ಕಾಫಿ ಬಿಡಬೇಕಾ?

ಡೋಸ್ ಹುಡುಕುವ ವಾರಗಳಲ್ಲಿ ಕಡಿಮೆ ಮಾಡುವುದು ಒಳ್ಳೆಯದು. ದಿನಕ್ಕೆ ಐದಾರು ಲೋಟ ಸ್ಟ್ರಾಂಗ್ ಫಿಲ್ಟರ್ ಕಾಫಿ ಕುಡಿಯುವವರಿಗೆ ಎದೆ ಹೊಡೆದುಕೊಂಡರೆ ಅದು ಮಾತ್ರೆಯದಾ ಡಿಕಾಕ್ಷನ್ನಿನದಾ ಎಂದು ಹೇಳುವುದು ಕಷ್ಟ. ಪೂರ್ತಿ ಬಿಟ್ಟರೆ ತಲೆನೋವು ಬಂದು ಅದೂ ಮಾತ್ರೆಯ ಲೆಕ್ಕಕ್ಕೆ ಹೋಗುತ್ತದೆ. ಬೆಳಿಗ್ಗೆ ಒಂದು ಲೋಟಕ್ಕೆ ತಂದು ಅಲ್ಲೇ ನಿಲ್ಲಿಸಿ.

ರಾತ್ರಿ ನಿದ್ದೆ ಬರುತ್ತಿಲ್ಲ.

ಕೊನೆಯ ಮಾತ್ರೆ ಎಷ್ಟು ಗಂಟೆಗೆ ಎಂದು ಮೊದಲು ನೋಡಿ. ಬೆಳಿಗ್ಗೆ ಮರೆತ ನಿಧಾನದ ಮಾತ್ರೆಯನ್ನು ಮಧ್ಯಾಹ್ನ ಎರಡಕ್ಕೆ ನುಂಗಿದರೆ ರಾತ್ರಿ ಕಣ್ಣು ಮುಚ್ಚುವುದಿಲ್ಲ. ಮರೆತ ದಿನ ಮರೆತದ್ದೇ, ಮರುದಿನ ಎಂದಿನಂತೆ ತೆಗೆದುಕೊಳ್ಳಿ. ಎರಡು ಒಟ್ಟಿಗೆ ಬೇಡವೇ ಬೇಡ.

ಮೊದಲ ದಿನ ಸ್ವರ್ಗ ಸಿಕ್ಕ ಹಾಗಿತ್ತು. ಮೂರನೇ ವಾರಕ್ಕೆ ಏನೂ ಇಲ್ಲ. ಮೈಗೆ ಒಗ್ಗಿಹೋಯಿತಾ?

ಮೊದಲ ದಿನಗಳಲ್ಲಿ ಕೆಲವರಿಗೆ ಒಂದು ಹಿಗ್ಗು ಬರುತ್ತದೆ. ಅದು ಹೋಗಲೇಬೇಕು, ಹೋಗುವುದೇ ಸರಿ. ಹಿಗ್ಗು ಹೋಯಿತು ಎಂದು ಡೋಸ್ ಏರಿಸುತ್ತಾ ಹೋಗುವುದು ಅಪಾಯದ ದಾರಿ. ನೋಟ್‌ಬುಕ್ ತೆಗೆದು ಆ ಮೂರು ವಿಷಯಗಳ ಅಂಕ ನೋಡಿ. ಅವು ಇನ್ನೂ ಚೆನ್ನಾಗಿವೆ ಎಂದರೆ ಮಾತ್ರೆ ಕೆಲಸ ಮಾಡುತ್ತಿದೆ. ಅವೂ ಬಿದ್ದಿದ್ದರೆ ಮೊದಲು ನಿದ್ದೆ, ಊಟ, ಮನಸ್ಸಿನ ಭಾರ ನೋಡಿ, ಆಮೇಲೆ ಡೋಸ್.

ನಾನು ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಜೊತೆಗೆ ತೆಗೆದುಕೊಳ್ಳಬಹುದಾ?

ತುಂಬಾ ಜನ ತೆಗೆದುಕೊಳ್ಳುತ್ತಾರೆ, ಆದರೆ ಡಾಕ್ಟರಿಗೆ ಎಲ್ಲ ಹೆಸರೂ ಗೊತ್ತಿರಬೇಕು. ಫ್ಲೂಆಕ್ಸೆಟಿನ್, ಪ್ಯಾರಾಕ್ಸೆಟಿನ್, ಬುಪ್ರೊಪಿಯಾನ್ ಇವು ಅಟೊಮೊಕ್ಸೆಟಿನನ್ನು ಲಿವರ್ ಕರಗಿಸುವ ದಾರಿಗೇ ಅಡ್ಡ ನಿಲ್ಲುತ್ತವೆ. ಆಗ 40 ಮಿಲಿಗ್ರಾಂ ತೆಗೆದುಕೊಂಡರೂ ಮೈಯಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ನಿಲ್ಲುತ್ತದೆ. ಹುಟ್ಟಿನಿಂದಲೇ ಆ ದಾರಿ ನಿಧಾನ ಇರುವವರೂ ಇದ್ದಾರೆ. ಕಡಿಮೆ ಡೋಸಿಗೇ ವಿಪರೀತ ತೊಂದರೆ ಆದರೆ ‘ನಾಟಕ’ ಎಂದು ಯಾರಾದರೂ ಅಂದರೂ ಕೇಳಬೇಡಿ, ದೇಹದಲ್ಲಿ ಕಾರಣ ಇರಬಹುದು. ಎಂಎಒಐ ಜಾತಿಯ ಹಳೆಯ ಖಿನ್ನತೆ ಮಾತ್ರೆಗಳ ಜೊತೆ ಈ ಎರಡೂ ಔಷಧಿ ಕೂಡದು, ಮಧ್ಯೆ 14 ದಿನ ಅಂತರ ಬೇಕು.

ಬೈಪೋಲಾರ್ ಇದ್ದರೆ ಮೊದಲು ಅದು ಹತೋಟಿಗೆ ಬರಬೇಕು, ಎಡಿಎಚ್‌ಡಿ ಮಾತ್ರೆ ಆಮೇಲೆ. ಬ್ರಾಹ್ಮಿ, ಅಶ್ವಗಂಧ, ನೆಗಡಿ ಮಾತ್ರೆ ಏನೇ ಇದ್ದರೂ ಪಟ್ಟಿಯಲ್ಲಿ ಬರೆಯಿರಿ. ನೆಗಡಿ ಮಾತ್ರೆಗಳಲ್ಲಿ ಬಿಪಿ ಏರಿಸುವವು ಇರುತ್ತವೆ.

ಇದು ಚಟ ಆಗುವುದಿಲ್ವಾ?

ಮನೆಯಲ್ಲಿ ಮೊದಲು ಬರುವ ಪ್ರಶ್ನೆ ಇದೇ. ಹೆದರಿಕೆ ಸಹಜ. ಮೀಥೈಲ್‌ಫೆನಿಡೇಟ್ ದುರ್ಬಳಕೆ ಆಗಬಹುದಾದ ಔಷಧಿ ಎನ್ನುವುದು ನಿಜ. ಪುಡಿ ಮಾಡಿ ಮೂಗಿಗೆ ಏರಿಸುವವರು, ಪರೀಕ್ಷೆಗೆ ರಾತ್ರಿಯಿಡೀ ಓದಲು ನುಂಗುವವರು ಇದ್ದಾರೆ. ಆದರೆ ಡಾಕ್ಟರ್ ಹೇಳಿದ ಡೋಸಿನಲ್ಲಿ ಬಾಯಿಯಿಂದ ತೆಗೆದುಕೊಳ್ಳುವವರ ಕಥೆ ಬೇರೆ. ಎಡಿಎಚ್‌ಡಿ ಇರುವವರು ಈ ಮಾತ್ರೆಗೆ ಹಾತೊರೆಯುವುದಿರಲಿ, ನೆನಪಿಟ್ಟುಕೊಂಡು ನುಂಗುವುದೇ ದೊಡ್ಡ ಕಷ್ಟ. ಮೊಬೈಲಿನಲ್ಲಿ ಅಲಾರಾಂ ಇಟ್ಟು ತೆಗೆದುಕೊಳ್ಳಬೇಕು. ಅಟೊಮೊಕ್ಸೆಟಿನ್‌ಗೆ ಈ ಭಯವೂ ಇಲ್ಲ.

ನಿಮ್ಮ ಮಾತ್ರೆಯನ್ನು ತಮ್ಮನಿಗೋ ಸ್ನೇಹಿತೆಗೋ ‘ಒಂದು ದಿನಕ್ಕೆ’ ಎಂದೂ ಕೊಡಬೇಡಿ. ಅವರ ಹೃದಯ ಹೇಗಿದೆ ಎಂದು ನಿಮಗೆ ಗೊತ್ತಿಲ್ಲ, ಕಾನೂನಿನಲ್ಲೂ ಅಪರಾಧ.

ಹೆಂಗಸರಿಗೆ ಬೇರೆ ಏನಾದರೂ ಗಮನಿಸಬೇಕಾ?

ಮುಟ್ಟಿಗೆ ಮುಂಚಿನ ವಾರ ಅದೇ ಡೋಸ್ ಸಾಲದು ಅನಿಸುತ್ತದೆ ಎಂದು ಎಷ್ಟೋ ಹೆಂಗಸರು ಹೇಳುತ್ತಾರೆ. ನನಗೂ ಹಾಗೇ. ನೋಟ್‌ಬುಕ್ಕಿನಲ್ಲಿ ಮುಟ್ಟಿನ ದಿನವನ್ನೂ ಗುರುತು ಮಾಡಿ. ಎರಡು ಮೂರು ತಿಂಗಳು ನೋಡಿದರೆ ಒಂದು ಲಯ ಕಾಣುತ್ತದೆ, ಆಗ ಡಾಕ್ಟರ ಜೊತೆ ಮಾತಾಡಬಹುದು. ಆ ಒಂದು ವಾರ ನೋಡಿಕೊಂಡು ಇಡೀ ತಿಂಗಳ ಡೋಸ್ ಏರಿಸುವುದು ಸರಿಯಲ್ಲ. ಮಗು ಬೇಕು ಎಂಬ ಯೋಚನೆ ಇದ್ದರೆ, ಹಾಲೂಡಿಸುತ್ತಿದ್ದರೆ, ಅದು ಮುಂಚೆಯೇ ಮಾತಾಡಬೇಕಾದ ವಿಷಯ.

ಇನ್ನೊಂದು ಮಾತು ಇದೆ. ಹೆಂಗಸರ ಎಡಿಎಚ್‌ಡಿಯಲ್ಲಿ ಓಡಾಟ, ಗಲಾಟೆ ಕಡಿಮೆ, ಒಳಗೊಳಗೇ ಕಳೆದುಹೋಗುವುದು ಜಾಸ್ತಿ. ಹಾಲು ಉಕ್ಕಿಸಿದಾಗ, ಮದುವೆ ದಿನಾಂಕ ಮರೆತಾಗ ಬೈಸಿಕೊಂಡೇ ಬೆಳೆದಿರುತ್ತೇವೆ. ಹಾಗಾಗಿ ಮಾತ್ರೆಯಿಂದ ತೊಂದರೆ ಆದರೂ ‘ನಂದೇ ತಪ್ಪು’ ಎಂದು ಸುಮ್ಮನಿರುವ ಅಭ್ಯಾಸ ಇದೆ. ದಯವಿಟ್ಟು ಸುಮ್ಮನಿರಬೇಡಿ.

ಮೆಡಿಕಲ್ ಶಾಪ್‌ಗಳಲ್ಲಿ ‘ಇಲ್ಲ’ ಎನ್ನುತ್ತಾರೆ. ಯಾಕೆ?

ಮೀಥೈಲ್‌ಫೆನಿಡೇಟ್ ಶೆಡ್ಯೂಲ್ ಎಕ್ಸ್ ಔಷಧಿ, ಅಂದರೆ ಮಾರಾಟಕ್ಕೆ ಬಿಗಿ ಕಟ್ಟುಪಾಡು ಇರುವ ಪಟ್ಟಿಯದು. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲೂ ಇದೆ. ಶೆಡ್ಯೂಲ್ ಎಕ್ಸ್ ಮಾರಲು ಅಂಗಡಿಗೆ ಬೇರೆಯೇ ಲೈಸೆನ್ಸ್ ಬೇಕು. ಡಾಕ್ಟರ್ ಚೀಟಿಯನ್ನು ಎರಡು ಪ್ರತಿ ಬರೆಯಬೇಕು, ಒಂದು ಪ್ರತಿಯನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ಇಷ್ಟೆಲ್ಲ ಯಾಕೆ ಎಂದು ಎಷ್ಟೋ ಅಂಗಡಿಯವರು ತರಿಸುವುದೇ ಇಲ್ಲ. ಒಂದೇ ಚೀಟಿ ಹಿಡಿದು ಹೋದರೆ ವಾಪಸ್ ಕಳಿಸುತ್ತಾರೆ, ಅದು ಅವರ ತಪ್ಪಲ್ಲ.

ಡಾಕ್ಟರ ಹತ್ತಿರವೇ ಎರಡು ಪ್ರತಿ ಕೇಳಿ ಪಡೆಯಿರಿ. ಸಹಿ, ದಿನಾಂಕ, ನೋಂದಣಿ ಸಂಖ್ಯೆ, ಎಷ್ಟು ಮಾತ್ರೆ ಎನ್ನುವುದು ಎರಡರಲ್ಲೂ ಇದೆಯಾ ಎಂದು ಅಲ್ಲೇ ನೋಡಿ. ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಕ್ಲಿನಿಕ್ಕಿನಲ್ಲೇ ಕೇಳಿ. ದೊಡ್ಡ ಆಸ್ಪತ್ರೆಯ ಒಳಗಿನ ಫಾರ್ಮಸಿಯಲ್ಲಿ ಸಿಗುವ ಸಾಧ್ಯತೆ ಜಾಸ್ತಿ. ಡಬ್ಬಿಯಲ್ಲಿ ಒಂದು ವಾರದ ಮಾತ್ರೆ ಉಳಿದಿರುವಾಗಲೇ ಹುಡುಕಲು ಶುರು ಮಾಡಿ. ಅಟೊಮೊಕ್ಸೆಟಿನ್‌ಗೆ ಈ ಕಟ್ಟುಪಾಡು ಇಲ್ಲ, ಮಾಮೂಲಿ ಚೀಟಿ ಸಾಕು.

ಆನ್‌ಲೈನ್ ಡಾಕ್ಟರ್ ಬರೆದುಕೊಡಬಹುದಾ?

ಮೀಥೈಲ್‌ಫೆನಿಡೇಟ್ ಬರೆಯುವ ಹಾಗಿಲ್ಲ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಶೆಡ್ಯೂಲ್ ಎಕ್ಸ್ ಔಷಧಿಗಳನ್ನೂ ಎನ್‌ಡಿಪಿಎಸ್ ಪಟ್ಟಿಯ ಔಷಧಿಗಳನ್ನೂ ಹೊರಗಿಟ್ಟಿದೆ. ವಿಡಿಯೊದಲ್ಲಿ ಮಾತಾಡಬಹುದು, ಡೈರಿ ತೋರಿಸಬಹುದು. ಚೀಟಿಗೆ ಮುಖಾಮುಖಿ ಹೋಗಲೇಬೇಕು. ಚೀಟಿ ಇಲ್ಲದೆ ಮನೆಗೇ ಕಳಿಸುತ್ತೇವೆ ಎನ್ನುವ ವಾಟ್ಸಾಪ್ ನಂಬರ್‌ಗಳ ತಂಟೆಗೆ ಹೋಗಬೇಡಿ.

ಅಮೆರಿಕದಲ್ಲಿ ಅಡೆರಾಲ್ ತೆಗೆದುಕೊಳ್ಳುತ್ತಿದ್ದೆ. ಈಗ ಬೆಂಗಳೂರಿಗೆ ವಾಪಸ್ ಬರುತ್ತಿದ್ದೇನೆ. ಏನು ಮಾಡಲಿ?

ವಿಮಾನ ಹತ್ತುವ ಮುಂಚೆಯೇ ಅಲ್ಲಿನ ಡಾಕ್ಟರ ಜೊತೆ ಮಾತಾಡಿ. ಇಲ್ಲಿ ಅಡೆರಾಲ್ ಸಿಗುವುದಿಲ್ಲ. ಸಾಧ್ಯವಾದರೆ ಅಲ್ಲಿದ್ದಾಗಲೇ ಮೀಥೈಲ್‌ಫೆನಿಡೇಟಿಗೆ ಬದಲಾಯಿಸಿ ಡೋಸ್ ಕೂರಿಸಿಕೊಂಡು ಬರುವುದು ಒಳ್ಳೆಯದು. ಅಡೆರಾಲ್ 20 ಅಂದರೆ ಮೀಥೈಲ್‌ಫೆನಿಡೇಟ್ 20 ಅಲ್ಲ, ಮಿಲಿಗ್ರಾಂಗೆ ಮಿಲಿಗ್ರಾಂ ಲೆಕ್ಕ ಹಾಕಬೇಡಿ. ರೋಗ ನಿರ್ಣಯದ ವರದಿ, ಹಿಂದೆ ನೋಡಿದ ಮಾತ್ರೆ ಮತ್ತು ಡೋಸುಗಳ ವಿವರ ತನ್ನಿ. ಇಲ್ಲದಿದ್ದರೆ ಎಲ್ಲ ಮೊದಲಿನಿಂದ ಶುರು.

ಇಲ್ಲಿಂದ ಹೋಗುವವರಿಗೂ ಒಂದು ಮಾತು. ಯುಎಇಗೆ ಇಂಥ ಔಷಧಿ ಒಯ್ಯಲು ಅಲ್ಲಿನ ಸರ್ಕಾರದ ಅನುಮತಿ ಮುಂಚೆಯೇ ಪಡೆಯಬೇಕು. ಜಪಾನಿಗೆ ಅಡೆರಾಲ್ ಒಯ್ಯುವಂತೆಯೇ ಇಲ್ಲ. ಎಲ್ಲಿಗೆ ಹೋದರೂ ಮಾತ್ರೆ ಅದರ ಮೂಲ ಪ್ಯಾಕಿನಲ್ಲೇ ಇರಲಿ, ಚೀಟಿ ಜೊತೆಗಿರಲಿ.

ಎರಡೂ ನೋಡಿದೆ, ಯಾವುದೂ ಹೊಂದಲಿಲ್ಲ.

ಮೊದಲು ಒಂದು ಪ್ರಶ್ನೆ: ಎರಡನ್ನೂ ಸರಿಯಾದ ಡೋಸಿನಲ್ಲಿ, ಬೇಕಾದಷ್ಟು ವಾರ ನೋಡಿದ್ದೀರಾ? ನೈಸ್ ಮಾರ್ಗಸೂಚಿಯಲ್ಲಿ ಒಂದು ಮಾತ್ರೆಯನ್ನು ಸಾಕಷ್ಟು ಡೋಸಿನಲ್ಲಿ 6 ವಾರ ನೋಡಿ ಆಮೇಲೆ ಬದಲಾಯಿಸಿ ಎಂದಿದೆ. 10 ಮಿಲಿಗ್ರಾಂನಲ್ಲೇ ಹತ್ತು ದಿನ ಇದ್ದು ಬಿಟ್ಟಿದ್ದರೆ ಅದನ್ನು ಸೋಲು ಎಂದು ಬರೆದುಕೊಳ್ಳಬೇಡಿ. ನಿಜವಾಗಿಯೂ ಆಗದಿದ್ದರೆ ರೋಗ ನಿರ್ಣಯವನ್ನೇ ಇನ್ನೊಮ್ಮೆ ನೋಡಿಸಿ. ನಿದ್ದೆಯ ತೊಂದರೆಯೋ ಹಳೆಯ ಆಘಾತವೋ ಕೆಳಗೆ ಕೂತಿರಬಹುದು. ಎಡಿಎಚ್‌ಡಿಗೆ ಹೊಂದಿಸಿದ ಸಿಬಿಟಿ ಎಂಬ ಮಾತಿನ ಚಿಕಿತ್ಸೆಯೂ ಇದೆ. ಮಾತ್ರೆ ಹೊಂದಿದವರಿಗೂ ಅದರಿಂದ ಉಪಯೋಗವಿದೆ. ಗಮನ ಸಿಕ್ಕಿತು, ಅದನ್ನು ಯಾವ ಕೆಲಸಕ್ಕೆ ಇಡಬೇಕು ಎಂದು ಮಾತ್ರೆ ಹೇಳಿಕೊಡುವುದಿಲ್ಲ.

ಜೀವನಪೂರ್ತಿ ತೆಗೆದುಕೊಳ್ಳಬೇಕಾ?

ಎಲ್ಲರೂ ಅಲ್ಲ. ವರ್ಷಕ್ಕೊಮ್ಮೆ ಡಾಕ್ಟರ ಜೊತೆ ಕೂತು ಇನ್ನೂ ಬೇಕಾ, ಇದೇ ಡೋಸ್ ಬೇಕಾ ಎಂದು ನೋಡಬೇಕು. ಬಿಪಿ, ನಾಡಿ, ತೂಕ ಆರು ತಿಂಗಳಿಗೊಮ್ಮೆ, ಡೋಸ್ ಬದಲಾದಾಗಲೆಲ್ಲ ಇನ್ನೊಮ್ಮೆ. ಭಾನುವಾರ ಮಾತ್ರೆ ಬಿಡಬಹುದಾ ಎಂದು ಕೇಳುವವರಿದ್ದಾರೆ. ಮೀಥೈಲ್‌ಫೆನಿಡೇಟಿನಲ್ಲಿ ಡಾಕ್ಟರ್ ಒಪ್ಪಿದರೆ ಆಗಬಹುದು, ಅಟೊಮೊಕ್ಸೆಟಿನಿನಲ್ಲಿ ಬೇಡ.

ಜಿಲ್ಲೆಯಲ್ಲಿ ಇದ್ದೇನೆ. ಎಲ್ಲಿಗೆ ಹೋಗಲಿ?

ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಎರಡೂ ಸರ್ಕಾರಿ ಸಂಸ್ಥೆಗಳು. ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ, ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ನಡೆಯುತ್ತದೆ. ದೊಡ್ಡವರ ಎಡಿಎಚ್‌ಡಿ ಬಗ್ಗೆ ಎಲ್ಲ ಕಡೆ ಒಂದೇ ಅನುಭವ ಇರುವುದಿಲ್ಲ. ‘ದೊಡ್ಡವರಿಗೆ ಇದೆಲ್ಲ ಇರೋದಿಲ್ಲ’ ಎಂದು ಯಾರಾದರೂ ಹೇಳಿದರೆ ಇನ್ನೊಬ್ಬರನ್ನು ನೋಡಿ. ಯಾರನ್ನು ನೋಡುವುದು ಎಂದೇ ತೋಚದಿದ್ದರೆ, ಅಥವಾ ರಾತ್ರಿ ಹೊತ್ತು ಮನಸ್ಸು ತೀರಾ ಕುಸಿದರೆ, 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ, 24 ಗಂಟೆ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಸರ್ಕಾರಿ ಆಸ್ಪತ್ರೆಗೆ ಮೊದಲ ಸಲ ಹೋಗುವವರು ಬೆಳಿಗ್ಗೆ ಬೇಗ ಹೋಗಿ, ಇಡೀ ದಿನ ಬಿಡುವು ಮಾಡಿಕೊಳ್ಳಿ. ಆಧಾರ್ ಕಾರ್ಡ್, ಹಳೆಯ ಚೀಟಿಗಳು, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ ಒಂದೇ ಕವರಿನಲ್ಲಿ ಹಾಕಿ, ಹಿಂದಿನ ರಾತ್ರಿಯೇ ಬ್ಯಾಗಿಗೆ ಸೇರಿಸಿಬಿಡಿ.